ಎಫ್‌ಪಿಜಿಎ ಮೇಲೆ ಫ್ರೀಆರ್‌ಟಿಓಎಸ್: ಸಮಯದ ಕೆಲಸ ಲಾಜಿಕ್‌ಗೆ, ಯೋಚನೆಯ ಕೆಲಸ ಟಾಸ್ಕ್‌ಗೆ

ಒಂದು ಸಣ್ಣ ಡಿಸಿ ಮೋಟಾರ್ ಹೇಳಿದ ವೇಗದಲ್ಲೇ ತಿರುಗಬೇಕು. ಲೋಡ್ ಬಿದ್ದರೂ ವೇಗ ಕುಸಿಯಬಾರದು. ಜೊತೆಗೆ ಸೀರಿಯಲ್ ಪೋರ್ಟ್‌ನಲ್ಲಿ ಬರುವ ಕಮಾಂಡ್‌ಗಳನ್ನು ಓದಬೇಕು, ಏನು ನಡೆಯುತ್ತಿದೆ ಅಂತ ಆಗಾಗ ಬರೆದು ಕಳಿಸಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇದನ್ನು ಆರ್ಟಿ ಎ7-35ಟಿ ಅನ್ನುವ ಎಫ್‌ಪಿಜಿಎ ಬೋರ್ಡಿನ ಮೇಲೆ ಮಾಡಿದೆ. ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಜೋಡಿಸಿಕೊಳ್ಳಬಹುದಾದ ಚಿಪ್. ಅದರಲ್ಲಿರುವ ಆರ್ಟಿಕ್ಸ್-7 ಚಿಪ್‌ನಲ್ಲಿ ಸಿದ್ಧ ಪ್ರೊಸೆಸರ್ ಇಲ್ಲ. ಲಾಜಿಕ್ ಕಟ್ಟಲು 20,800 ಎಲ್‌ಯುಟಿ (ಸಣ್ಣ ಕೋಷ್ಟಕಗಳು), ಒಂದೊಂದು ಬಿಟ್ ಹಿಡಿಯುವ 41,600 ಫ್ಲಿಪ್‌ಫ್ಲಾಪ್, ಮೆಮೊರಿಗೆ 50 ಬ್ಲಾಕ್ ರ‍್ಯಾಮ್ ಇವೆ. ಪ್ರೊಸೆಸರನ್ನೂ ನಾವೇ ಅದರೊಳಗೆ ಕಟ್ಟಿಕೊಂಡು, ಆಮೇಲೆ ಆರ್‌ಟಿಓಎಸ್ ಓಡಿಸಬೇಕು. ಆರ್‌ಟಿಓಎಸ್ ಅಂದರೆ ಟಾಸ್ಕ್ ಅನ್ನುವ ಬೇರೆಬೇರೆ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಸಣ್ಣ ಆಪರೇಟಿಂಗ್ ಸಿಸ್ಟಂ, ಫ್ರೀಆರ್‌ಟಿಓಎಸ್ ಅಂಥದ್ದೊಂದು.

ಮೈಕ್ರೋಕಂಟ್ರೋಲರ್‌ನಲ್ಲೇ ಮಾಡಬಹುದಿತ್ತಲ್ವಾ ಅಂತ ತುಂಬಾ ಜನ ಕೇಳಿದ್ದಾರೆ. ಖಂಡಿತ ಮಾಡಬಹುದು. ಆದರೆ ಅಲ್ಲಿ ಚಿಪ್ ಮಾಡಿದವರು ಕೊಟ್ಟ ಟೈಮರ್, ಕೊಟ್ಟ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ಮೋಟಾರಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಸರ್ಕ್ಯೂಟ್) ಇಟ್ಟುಕೊಂಡೇ ಕೆಲಸ ಮಾಡಬೇಕು. ಎಫ್‌ಪಿಜಿಎಯಲ್ಲಿ ಯಾವುದು ಗೇಟುಗಳಲ್ಲಿ ನಡೆಯಬೇಕು, ಯಾವುದು ಟಾಸ್ಕ್‌ನಲ್ಲಿ ನಡೆಯಬೇಕು ಅಂತ ಗೆರೆ ಎಳೆಯುವವರು ನಾವೇ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಆ ಗೆರೆ ಎಳೆಯುವ ಭಾಗವೇ.

ಕೋರ್ ಆಗಿ, ಅಂದರೆ ಒಳಗೆ ಕಟ್ಟುವ ಪ್ರೊಸೆಸರ್ ಆಗಿ, ನಿಯೋಆರ್‌ವಿ32 ಆರಿಸಿಕೊಂಡೆ. ಇದು ವಿಎಚ್‌ಡಿಎಲ್ ಅನ್ನುವ ಹಾರ್ಡ್‌ವೇರ್ ಭಾಷೆಯಲ್ಲಿ ಬರೆದ, ಮುಕ್ತ ಲೈಸೆನ್ಸಿನ ಕೋರ್, ರಿಸ್ಕ್-ಫೈವ್ ಅನ್ನುವ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್‌ನದು. ಕೋಡ್ ತೆರೆದು ಓದಿದರೆ ಅರ್ಥವಾಗುತ್ತದೆ, ಕೈಪಿಡಿಯೂ ಚೆನ್ನಾಗಿದೆ. ಪ್ರೋಗ್ರಾಂಗೆ 64 ಕಿಲೋಬೈಟ್, ಡೇಟಾಗೆ 32 ಕಿಲೋಬೈಟ್ ಕೊಟ್ಟೆ. ಒಂದು ಬ್ಲಾಕ್ ರ‍್ಯಾಮ್‌ನಲ್ಲಿ 4 ಕಿಲೋಬೈಟ್ ಹಿಡಿಯುತ್ತದೆ, ಹಾಗಾಗಿ 24 ಬ್ಲಾಕ್ ಇದಕ್ಕೇ ಹೋಯಿತು. ಬೋರ್ಡಿನಲ್ಲಿ 256 ಮೆಗಾಬೈಟ್ ಡಿಡಿಆರ್3 ಇದೆ. ಬೇಕೆಂದೇ ಅದನ್ನು ಮುಟ್ಟಲಿಲ್ಲ. ಡಿಡಿಆರ್‌ಗೆ ನಡುನಡುವೆ ರಿಫ್ರೆಶ್ ಆಗಬೇಕು, ಅದರ ಮುಂದೆ ಕ್ಯಾಶ್ ಇಡಬೇಕು. ಕ್ಯಾಶ್‌ನಲ್ಲಿ ಸಿಕ್ಕರೆ ಒಂದು ಹೊತ್ತು, ಸಿಗದಿದ್ದರೆ ಇನ್ನೊಂದು ಹೊತ್ತು. ಬ್ಲಾಕ್ ರ‍್ಯಾಮ್‌ಗೆ ಈ ಏರಿಳಿತ ಇಲ್ಲ. ಫ್ರೀಆರ್‌ಟಿಓಎಸ್ ಕರ್ನಲ್ ಚಿಕ್ಕದು, ಇಷ್ಟು ಜಾಗದಲ್ಲಿ ಆರಾಮಾಗಿ ಕೂರುತ್ತದೆ.

ಕೋರ್ ಜೊತೆ ಬರುವ ಬೂಟ್‌ಲೋಡರ್ ಇಟ್ಟುಕೊಳ್ಳಿ, ಜಾಗ ಉಳಿಸಲು ಹೋಗಿ ತೆಗೆಯಬೇಡಿ. ಸಿ ಕೋಡ್‌ನಲ್ಲಿ ಒಂದು ಸಾಲು ಬದಲಾದರೆ ಮತ್ತೆ ಸಿಂಥೆಸಿಸ್ (ಹಾರ್ಡ್‌ವೇರ್ ಕೋಡನ್ನು ಸರ್ಕ್ಯೂಟ್ ಆಗಿ ಬದಲಿಸುವುದು) ಬೇಡ, ಸೀರಿಯಲ್ ಪೋರ್ಟ್‌ನಲ್ಲಿ ಹೊಸ ಪ್ರೋಗ್ರಾಂ ಕಳಿಸಿದರೆ ಸಾಕು. 19,200 ಬಾಡ್‌ನಲ್ಲಿ (ಸೆಕೆಂಡಿಗೆ 19,200 ಬಿಟ್) 20 ಕಿಲೋಬೈಟ್ ಫೈಲ್ ಹತ್ತು ಹನ್ನೊಂದು ಸೆಕೆಂಡಿನಲ್ಲಿ ಹೋಗಿ ಕೂರುತ್ತದೆ.

ಫ್ರೀಆರ್‌ಟಿಓಎಸ್‌ನ ರಿಸ್ಕ್-ಫೈವ್ ಪೋರ್ಟ್ (ಆ ಪ್ರೊಸೆಸರ್‌ಗೆ ಹೊಂದಿಸಿದ ಭಾಗ) ನಮ್ಮಿಂದ ಕೇಳುವುದು ಸ್ವಲ್ಪವೇ. ಎಂಟೈಮ್ ಮತ್ತು ಎಂಟೈಮ್‌ಕಂಪ್ ಅನ್ನುವ ಎರಡು 64 ಬಿಟ್ ರಿಜಿಸ್ಟರ್‌ಗಳ (ಮೊದಲನೆಯದು ಸಮಯ ಎಣಿಸುತ್ತದೆ, ಎರಡನೆಯದು ಯಾವ ಎಣಿಕೆಗೆ ಎಚ್ಚರಿಸಬೇಕು ಅಂತ ಹೇಳುತ್ತದೆ) ವಿಳಾಸ, ಕ್ಲಾಕ್ ವೇಗ, ಸೆಕೆಂಡಿಗೆ ಎಷ್ಟು ಟಿಕ್ (ಕರ್ನಲ್‌ನ ಗಡಿಯಾರದ ಬಡಿತ), ಇಂಟರಪ್ಟ್‌ಗೆ (ಪ್ರೊಸೆಸರ್ ಕೈಯಲ್ಲಿರುವ ಕೆಲಸ ನಿಲ್ಲಿಸಿ ಗಮನ ಸೆಳೆಯುವ ಸಂಕೇತ) ಒಂದು ಸ್ಟ್ಯಾಕ್. ಟ್ರ್ಯಾಪ್ (ಇಂಟರಪ್ಟ್ ಅಥವಾ ದೋಷ) ಬಂದಾಗ ಎಲ್ಲಿಗೆ ಹಾರಬೇಕು ಅನ್ನುವ ರಿಜಿಸ್ಟರ್‌ನಲ್ಲಿ ಕರ್ನಲ್‌ನ ಹ್ಯಾಂಡ್ಲರ್ ವಿಳಾಸ ಬರೆದರೆ ಮುಗಿಯಿತು. ಒಂದು ಕಡೆ ಮಾತ್ರ ನಿಧಾನವಾಗಿ ನೋಡಬೇಕು. ಕಾನ್ಫಿಗ್ ಫೈಲ್‌ನಲ್ಲಿ ಸಿಪಿಯು ಕ್ಲಾಕ್ ಅಂತ ಹೆಸರಿದ್ದರೂ, ಈ ಪೋರ್ಟ್ ಟಿಕ್ ಲೆಕ್ಕ ಹಾಕುವಾಗ ಅದನ್ನು ಎಂಟೈಮ್ ಎಣಿಸುವ ವೇಗ ಅಂತಲೇ ತಿಳಿಯುತ್ತದೆ. ನನ್ನ ಕೋರ್‌ನಲ್ಲಿ ಎರಡೂ 100 ಮೆಗಾಹರ್ಟ್ಜ್. ಸೆಕೆಂಡಿಗೆ 1000 ಟಿಕ್ ಬೇಕಾದರೆ ಪ್ರತಿ 1,00,000 ಎಣಿಕೆಗೆ ಒಂದು ಇಂಟರಪ್ಟ್. ಎಂಟೈಮ್ ನಿಧಾನವಾದ ಕ್ಲಾಕ್‌ನಿಂದ ಓಡುವ ಕೋರ್ ಆದರೆ ಆ ವೇಗವನ್ನೇ ಬರೆಯಬೇಕು. ಇಲ್ಲದಿದ್ದರೆ ಟಾಸ್ಕ್‌ಗಳು ಓಡುತ್ತವೆ, ಆದರೆ ಒಂದು ಸೆಕೆಂಡಿನ ಡಿಲೇ ಮುಗಿಯುವುದೇ ಇಲ್ಲ ಅನ್ನಿಸುತ್ತದೆ.

ಕಂಪೈಲರ್ ಬಗ್ಗೆ ಒಂದೇ ಮಾತು. ಜಿಸಿಸಿ 12 ಅಥವಾ ಈಚಿನದಾದರೆ ಪ್ರೊಸೆಸರ್ ಬಗೆ ಹೇಳುವಾಗ ಆರ್‌ವಿ32ಐಎಂ ಅಂತ ಬರೆದರೆ ಸಾಲದು, ಝಡ್‌ಐಸಿಎಸ್‌ಆರ್ (ಕಂಟ್ರೋಲ್ ರಿಜಿಸ್ಟರ್ ಓದಿ ಬರೆಯುವ ಇನ್‌ಸ್ಟ್ರಕ್ಷನ್‌ಗಳು) ಅನ್ನೂ ಸೇರಿಸಿ.

ಈಗ ಗೇಟು ಮತ್ತು ಟಾಸ್ಕ್ ನಡುವಿನ ಗೆರೆಯ ವಿಷಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಗೇರ್ ಮೋಟಾರಿನ ಹಿಂದೆ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ತಿಳಿಸುವ ಸೆನ್ಸರ್) ಇದೆ. ಎ ಮತ್ತು ಬಿ ಅಂತ ಎರಡು ಸಿಗ್ನಲ್ ಬರುತ್ತವೆ, ಒಂದಕ್ಕೊಂದು ಸಿಗ್ನಲಿನ ಕಾಲು ಸೈಕಲ್‌ನಷ್ಟು ಹಿಂದುಮುಂದು. ಎನ್‌ಕೋಡರ್ 5 ವೋಲ್ಟಿನದು, ಎಫ್‌ಪಿಜಿಎ ಪಿನ್ 3.3 ವೋಲ್ಟ್‌ಗಿಂತ ಜಾಸ್ತಿ ತಡೆಯುವುದಿಲ್ಲ. ನಡುವೆ ವೋಲ್ಟೇಜ್ ಇಳಿಸುವ ಲೆವೆಲ್ ಶಿಫ್ಟರ್ ಇರಲೇಬೇಕು. ಹೊರಗಿನ ಸಿಗ್ನಲ್ ನಮ್ಮ ಕ್ಲಾಕ್ ನೋಡಿಕೊಂಡು ಬರುವುದಿಲ್ಲ, ಅದಕ್ಕೇ ಒಳಗೆ ಬಂದ ಕೂಡಲೇ ಎರಡು ಫ್ಲಿಪ್‌ಫ್ಲಾಪ್ ದಾಟಿಸಿ, ಆಮೇಲೆ ಎಣಿಸುವ ಕೌಂಟರ್‌ಗೆ ಕೊಟ್ಟೆ. ಎಣಿಕೆಗೆ ಪ್ರೊಸೆಸರ್ ಬೇಕಿಲ್ಲ. ಒಂದು ಅಂಚೂ ತಪ್ಪುವುದಿಲ್ಲ.

ಪಿಡಬ್ಲ್ಯುಎಂ ಕೂಡ ಲಾಜಿಕ್‌ನಲ್ಲೇ: 100 ಮೆಗಾಹರ್ಟ್ಜ್‌ನಲ್ಲಿ 5000 ಎಣಿಸಿದರೆ 20 ಕಿಲೋಹರ್ಟ್ಜ್, ಮೋಟಾರಿನ ಕೀರಲು ಶಬ್ದ ಕಿವಿಗೆ ಬೀಳುವುದಿಲ್ಲ. ಪ್ರತಿ 20 ಪಿಡಬ್ಲ್ಯುಎಂ ಸುತ್ತಿಗೆ, ಅಂದರೆ ಮಿಲಿಸೆಕೆಂಡಿಗೊಮ್ಮೆ, ಲಾಜಿಕ್ ಒಂದೇ ಕ್ಲಾಕ್ ಅಂಚಿನಲ್ಲಿ ಮೂರು ಕೆಲಸ ಮಾಡುತ್ತದೆ. ಎನ್‌ಕೋಡರ್ ಎಣಿಕೆಯನ್ನು ಒಂದು ರಿಜಿಸ್ಟರ್‌ಗೆ ಹಿಡಿದಿಡುತ್ತದೆ. ಹೋದ ಸಲ ಟಾಸ್ಕ್ ಬರೆದಿಟ್ಟ ಹೊಸ ಡ್ಯೂಟಿಯನ್ನು (ಪ್ರತಿ ಸುತ್ತಿನಲ್ಲಿ ಪಿಡಬ್ಲ್ಯುಎಂ ಎಷ್ಟು ಪಾಲು ಹೊತ್ತು ಆನ್ ಇರಬೇಕು ಅನ್ನುವುದು) ಜಾರಿಗೆ ತರುತ್ತದೆ. ಪ್ರೊಸೆಸರ್‌ಗೆ ಇಂಟರಪ್ಟ್ ಕಳಿಸುತ್ತದೆ.

ಇದರಿಂದ ಏನಾಯಿತು ನೋಡಿ. ಅಳೆಯುವ ಗಳಿಗೆ, ಜಾರಿಗೆ ತರುವ ಗಳಿಗೆ ಎರಡೂ ಗೇಟುಗಳ ಕೈಯಲ್ಲಿವೆ, 10 ನ್ಯಾನೋಸೆಕೆಂಡಿನ ಕ್ಲಾಕ್‌ಗೆ ಕಟ್ಟಿಬಿದ್ದಿವೆ. ನಡುವಿನ ಒಂದು ಮಿಲಿಸೆಕೆಂಡಿನಲ್ಲಿ ಟಾಸ್ಕ್ ಯಾವಾಗ ಎದ್ದು ಲೆಕ್ಕ ಮಾಡಿದರೂ ಮೋಟಾರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಾಸ್ಕ್ ಸ್ವಲ್ಪ ತಡವಾಗಿ ಎದ್ದರೂ ಅಳತೆ ಹಳಸುವುದಿಲ್ಲ, ಹೊತ್ತಿಗೆ ಸರಿಯಾಗಿ ಹಿಡಿದಿಟ್ಟದ್ದೇ ಅದಕ್ಕೆ ಸಿಗುತ್ತದೆ. ಇದಕ್ಕೆ ತೆರುವ ಬೆಲೆ ಒಂದು ಮಿಲಿಸೆಕೆಂಡಿನ ವಿಳಂಬ. ಅದು ಪ್ರತಿ ಸಲವೂ ಅಷ್ಟೇ ಇರುವುದರಿಂದ ಪಿಐ ಲೆಕ್ಕವನ್ನು (ವೇಗದ ಈಗಿನ ತಪ್ಪು, ಕೂಡುತ್ತಾ ಬಂದ ತಪ್ಪು ಎರಡನ್ನೂ ನೋಡಿ ಡ್ಯೂಟಿ ತಿದ್ದುವ ಸೂತ್ರ) ಟ್ಯೂನ್ ಮಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬದಲಾಗುವ ವಿಳಂಬಕ್ಕಿಂತ ಇದು ಸಾವಿರ ಪಾಲು ವಾಸಿ.

ಈ ಲಾಜಿಕ್ ಸೇರಿಸಲು ನಿಯೋಆರ್‌ವಿ32ರಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದಾರೆ, ಅದಕ್ಕೆ ಸ್ವಂತ ಇಂಟರಪ್ಟ್ ಕೂಡ ಇದೆ. ಟೈಮರ್ ಅಲ್ಲದ ಇಂಟರಪ್ಟ್ ಬಂದರೆ ಫ್ರೀಆರ್‌ಟಿಓಎಸ್ ನಾವು ಬರೆದ ಫಂಕ್ಷನ್ ಕರೆಯುತ್ತದೆ. ಅದರಲ್ಲಿ ನಾನು ಮಾಡುವುದು ಎರಡೇ: ಇಂಟರಪ್ಟ್ ಇಳಿಸುವುದು, ಕಂಟ್ರೋಲ್ ಟಾಸ್ಕ್‌ಗೆ ನೋಟಿಫಿಕೇಶನ್ ಕೊಡುವುದು. ಈ ಪೋರ್ಟ್‌ನಲ್ಲಿ ಒಂದು ಇಂಟರಪ್ಟ್ ನಡೆಯುವಾಗ ಇನ್ನೊಂದು ನುಗ್ಗುವುದಿಲ್ಲ. ಹಾಗಾಗಿ ಆ ಫಂಕ್ಷನ್ ಉದ್ದವಾದಷ್ಟೂ ಉಳಿದದ್ದೆಲ್ಲ ಕಾಯಬೇಕು.

ಎಷ್ಟು ಕಾಯುತ್ತಿದೆ ಅಂತ ತಿಳಿಯಲು ಇನ್ನೊಂದು ಕೌಂಟರ್ ಸೇರಿಸಿದೆ. ಇಂಟರಪ್ಟ್ ಏರಿದಾಗ ಶುರು, ಟಾಸ್ಕ್ ಎಣಿಕೆ ಓದಿದಾಗ ನಿಲ್ಲುತ್ತದೆ. ಅತಿ ಹೆಚ್ಚು ಬಂದ ಸಂಖ್ಯೆಯನ್ನು ಲಾಜಿಕ್ಕೇ ನೆನಪಿಟ್ಟುಕೊಳ್ಳುತ್ತದೆ. ಸಾಫ್ಟ್‌ವೇರ್‌ಗೆ ಅಳತೆಯ ಹೊರೆ ಇಲ್ಲ. ಸರಾಸರಿ ನೋಡಿ ಪ್ರಯೋಜನವಿಲ್ಲ, ಆ ಗರಿಷ್ಠ ಸಂಖ್ಯೆಯೇ ಮುಖ್ಯ. ಕ್ರಿಟಿಕಲ್ ಸೆಕ್ಷನ್ (ಇಂಟರಪ್ಟ್ ತಡೆದಿಟ್ಟು ಓಡಿಸುವ ಕೋಡ್) ಒಳಗಿಂದ ಪ್ರಿಂಟ್ ಮಾಡಿದರೆ ಅದು ಸುಮ್ನೆ ಚಿಮ್ಮಿಬಿಡುತ್ತದೆ. 19,200 ಬಾಡ್‌ನಲ್ಲಿ ಒಂದು ಅಕ್ಷರ ಹೋಗಲು ಅರ್ಧ ಮಿಲಿಸೆಕೆಂಡ್ ಬೇಕು, ಎರಡು ಅಕ್ಷರಕ್ಕೆ ನನ್ನ ಇಡೀ ಸುತ್ತು ಮುಗಿದಂತೆ! ಹಾಗಾಗಿ ಬರೆಯುವುದೆಲ್ಲ ಕ್ಯೂ ಮೂಲಕ ಅತಿ ಕಡಿಮೆ ಪ್ರಯಾರಿಟಿಯ ಟಾಸ್ಕ್‌ಗೆ ಹೋಗುತ್ತದೆ. ಕಂಟ್ರೋಲ್ ಟಾಸ್ಕ್‌ಗೆ ಎಲ್ಲಕ್ಕಿಂತ ಹೆಚ್ಚು ಪ್ರಯಾರಿಟಿ. ಅದರ ಲೆಕ್ಕವೆಲ್ಲ ಫಿಕ್ಸೆಡ್ ಪಾಯಿಂಟ್‌ನಲ್ಲಿ, ಅಂದರೆ ದಶಾಂಶವನ್ನೂ ಪೂರ್ಣಾಂಕಗಳಲ್ಲೇ ಇಟ್ಟುಕೊಂಡು.

ಕೊನೆಯದಾಗಿ ಸೇರಿಸಿದ್ದು ಗಡುವಿನ ಕಾವಲು. ಮಿಲಿಸೆಕೆಂಡ್ ಮುಗಿದಾಗ ಹೊಸ ಡ್ಯೂಟಿ ಬಂದಿರದಿದ್ದರೆ ಲಾಜಿಕ್ ಅದನ್ನು ಎಣಿಸುತ್ತದೆ. ಸತತ ಮೂರು ಸಲ ಹಾಗಾದರೆ ಪಿಡಬ್ಲ್ಯುಎಂ ಸೊನ್ನೆ ಮಾಡುತ್ತದೆ. ಟಾಸ್ಕ್ ಸಿಕ್ಕಿಹಾಕಿಕೊಂಡರೂ, ಸ್ಟ್ಯಾಕ್ ಉಕ್ಕಿ ಕರ್ನಲ್ ನಿಂತರೂ ಇದು ಕೆಲಸ ಮಾಡುತ್ತದೆ. ಡಿಬಗ್ ಮಾಡುವಾಗಂತೂ ಇದು ಬೇಕೇ ಬೇಕು. ಜಿಡಿಬಿ ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿದರೆ ಪ್ರೊಸೆಸರ್ ನಿಲ್ಲುತ್ತದೆ, ಪಿಡಬ್ಲ್ಯುಎಂ ಮಾತ್ರ ಕೊನೆಯ ಡ್ಯೂಟಿಯಲ್ಲೇ ಮೋಟಾರ್ ಓಡಿಸುತ್ತಿರುತ್ತದೆ. ಕಾವಲು ಇದ್ದರೆ ಕರೆಂಟ್ ತಾನಾಗಿ ಕಡಿಯುತ್ತದೆ. ಮತ್ತೆ ಚಾಲೂ ಮಾಡಲು ಟಾಸ್ಕ್ ಒಂದು ಬೇರೆ ಬಿಟ್ ಬರೆಯಬೇಕು. ಅದನ್ನು ಬರೆಯುವ ಮೊದಲು ಪಿಐಯಲ್ಲಿ ಕೂಡಿಕೊಂಡ ಇಂಟಿಗ್ರಲ್ ಅನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ಮೋಟಾರ್ ಒಮ್ಮೆಲೇ ಜೋರಾಗಿ ಒದ್ದುಕೊಂಡು ಶುರುವಾಗುತ್ತದೆ.