ಫೀಸಿಲ್ಲ ಅಂದ ಮಾತ್ರಕ್ಕೆ ಅಗ್ಗ ಅಲ್ಲ: ಜರ್ಮನಿಯಲ್ಲಿ ನಾನು ಯೂನಿವರ್ಸಿಟಿ ಆರಿಸಿದ ಬಗೆ

"ಜರ್ಮನೀಲಿ ಓದು ಫ್ರೀಯಂತೆ, ಹೌದಾ ಅಕ್ಕಾ?" ಊರಿನ ಕಡೆಯ ಹುಡುಗ ಹುಡುಗಿಯರು ಮೆಸೇಜ್ ಮಾಡಿದರೆ ಮೊದಲ ಪ್ರಶ್ನೆ ಇದೇ. ಬಹುಪಾಲು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ. ಆದರೆ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ಗೆ ಜಾಗ ಹುಡುಕುವಾಗ ನಾನು ನೋಡಿದ್ದು ಫೀಸಿನ ಕಾಲಂ ಅಲ್ಲ, ಡಿಗ್ರಿ ಕೈಗೆ ಬರುವ ತನಕ ಒಟ್ಟು ಎಷ್ಟು ಹೋಗುತ್ತದೆ ಅನ್ನುವುದನ್ನು. ಈ ಎರಡು ಲೆಕ್ಕಗಳಿಂದ ಬರುವ ಪಟ್ಟಿಗಳು ಬೇರೆ ಬೇರೆ.

ನನ್ನದು ಸಾಗರದ ಕಡೆ. 2022ರಲ್ಲಿ ವಿಟಿಯುದಿಂದ ಬಿಇ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಕೈಯಲ್ಲಿ ಒಂದಷ್ಟು ಉಳಿತಾಯ ಇತ್ತು. ಮನೆಯಲ್ಲಿ ಅಡಿಕೆ ತೋಟ ಇದೆ, ಆದರೆ ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನವಾಗಿ ಒಪ್ಪುವುದಿಲ್ಲ. ಪೇಟೆಯಲ್ಲಿ ಸೈಟು, ಮನೆ ಇದ್ದವರ ಮಾತು ಬೇರೆ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳದೆ ಕೊಡುವುದು 7.5 ಲಕ್ಷದ ತನಕ. ಹಾಗಾಗಿ ಉಳಿತಾಯ ಮತ್ತು ಆ ಏಳೂವರೆ ಲಕ್ಷ, ಇಷ್ಟೇ ನನ್ನ ಬಂಡವಾಳ. ಅಮೆರಿಕದ ಐ-20ರಲ್ಲಿ (ವೀಸಾಕ್ಕೆಂದು ಅಲ್ಲಿನ ಯೂನಿವರ್ಸಿಟಿ ಕೊಡುವ ಪತ್ರ) ತೋರಿಸಬೇಕಾದ ಮೊತ್ತ ನೋಡಿದ ಮೇಲೆ ಆ ಕಡೆ ಹೊರಳಲಿಲ್ಲ.

ಜರ್ಮನಿಯೊಳಗೂ ಎಲ್ಲ ಕಡೆ ಒಂದೇ ನಿಯಮ ಇಲ್ಲ, ಶಿಕ್ಷಣ ಆಯಾ ರಾಜ್ಯದ ವಿಷಯ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಫ್ರೈಬುರ್ಗ್, ಕಾರ್ಲ್ಸ್‌ರೂಹೆ ಇರುವ ಕಡೆ, ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ. ಬವೇರಿಯಾದಲ್ಲಿ ಹೊಸ ಕಾನೂನು ಬಂದು, ಶುಲ್ಕ ಹಾಕುವುದು ಬಿಡುವುದು ಆಯಾ ಯೂನಿವರ್ಸಿಟಿಗೆ ಬಿಟ್ಟಿದ್ದಾಗಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ನಮ್ಮಂಥವರಿಗೆ ಮಾಸ್ಟರ್ಸ್ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಇಟ್ಟಿತು. ನಾನು ಸೇರಬೇಕೆಂದಿದ್ದ ವರ್ಷವೇ ಅದು. ಹೆಸರಿಗೆ ಮರುಳಾಗಿ ಅದನ್ನು ಪಟ್ಟಿಯ ಮೊದಲಲ್ಲೇ ಇಟ್ಟುಕೊಂಡಿದ್ದ ಗೆಳತಿಯರು ರಾತ್ರೋರಾತ್ರಿ ಪಟ್ಟಿ ತಿದ್ದಿದರು.

ಫೀಸಿಲ್ಲದ ಕಡೆಯೂ ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಸಾಮಾನ್ಯವಾಗಿ ನೂರರಿಂದ ಮುನ್ನೂರೈವತ್ತು ಯೂರೋ ಕಟ್ಟಬೇಕು. ಇದಕ್ಕೆ ಗೊಣಗುವವರಿದ್ದಾರೆ, ನಾನಂತೂ ಗೊಣಗುವುದಿಲ್ಲ. ಹೆಚ್ಚಿನ ಕಡೆ ಬಸ್ಸು ರೈಲಿನ ಪಾಸು ಅದರೊಳಗೇ ಸೇರಿರುತ್ತದೆ.

ನಿಜವಾಗಿ ದುಡ್ಡು ತಿನ್ನುವುದು ಬಾಡಿಗೆ ಮತ್ತು ಸಮಯ. ಮ್ಯೂನಿಕ್‌ನಲ್ಲಿ ಒಂದು ಕೋಣೆಗೆ ಏಳುನೂರು ಎಂಟುನೂರು ಯೂರೋ ಅನ್ನುವುದು ಮಾಮೂಲಿ. ನಾನಿರುವ ಸಾರ್‌ಬ್ರುಕನ್‌ನಲ್ಲಿ ವಿದ್ಯಾರ್ಥಿ ನಿಲಯದ ನನ್ನ ಕೋಣೆಗೆ 340. ತಿಂಗಳಿಗೆ ನಾನೂರು ವ್ಯತ್ಯಾಸ ಅಂದರೆ ಎರಡು ವರ್ಷಕ್ಕೆ ಸುಮಾರು ಒಂಬತ್ತೂವರೆ ಸಾವಿರ. ಬಾಡೆನ್-ವುರ್ಟೆಂಬರ್ಗ್‌ನ ನಾಲ್ಕು ಸೆಮಿಸ್ಟರ್ ಫೀಸು ಆರೇ ಸಾವಿರ! ಹಾಗಾಗಿ ಅಲ್ಲಿನ ಚಿಕ್ಕ ಊರೊಂದು ಫೀಸಿಲ್ಲದ ದೊಡ್ಡ ಊರಿಗಿಂತ ಅಗ್ಗ ಬೀಳಲೂಬಹುದು. "ಫೀಸಿದೆ" ಅಂತ ಒಂದೇ ಏಟಿಗೆ ಆ ರಾಜ್ಯವನ್ನೇ ಹೊಡೆದುಹಾಕುವವರನ್ನು ಕಂಡರೆ ನನಗೆ ಅಚ್ಚರಿ.

ಇನ್ನು ಸಮಯ. ಕಾಗದದ ಮೇಲೆ ಮಾಸ್ಟರ್ಸ್ ನಾಲ್ಕು ಸೆಮಿಸ್ಟರ್. ಇಲ್ಲಿ ಸುತ್ತಮುತ್ತ ನೋಡಿದರೆ ಪಾರ್ಟ್‌ಟೈಮ್ ಕೆಲಸ, ಫೇಲಾದ ಒಂದೆರಡು ಪರೀಕ್ಷೆ, ಆರು ತಿಂಗಳ ಥೀಸಿಸ್ ಎಲ್ಲ ಸೇರಿ ಐದು, ಆರು ಆಗುವವರೇ ಜಾಸ್ತಿ. ತಿಂಗಳಿಗೆ 900 ಯೂರೋ ಅಂತ ಹಿಡಿದರೂ ಒಂದು ಸೆಮಿಸ್ಟರ್ ಎಳೆದರೆ 5,400 ಯೂರೋ. ಅದಕ್ಕೇ ನಾನು ಮೊದಲಿಂದಲೇ ಐದು ಸೆಮಿಸ್ಟರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಪ್ರತಿ ಕೋರ್ಸಿನ ಪಠ್ಯಕ್ರಮ ತೆರೆದು, ಕಡ್ಡಾಯ ವಿಷಯ ಎಷ್ಟು, ಆಯ್ಕೆ ಎಷ್ಟು, ಬೇಕಾದ ವಿಷಯ ಇಂಗ್ಲಿಷಿನಲ್ಲಿ ಎರಡೂ ಸೆಮಿಸ್ಟರ್ ನಡೆಯುತ್ತದೋ ವರ್ಷಕ್ಕೊಮ್ಮೆಯೋ ಅಂತ ನೋಡಿದೆ. "ಇಂಗ್ಲಿಷ್ ಮಾಧ್ಯಮ" ಅಂತ ಬರೆದು ಒಳಗೆ ಅರ್ಧ ಆಯ್ಕೆ ವಿಷಯಗಳು ಜರ್ಮನ್‌ನಲ್ಲಿ ಇರುವ ಕೋರ್ಸುಗಳಿವೆ. ಅಂಥ ಕಡೆ ಸಮಯ ಎಳೆಯುವುದು ಗ್ಯಾರಂಟಿ.

ಇಷ್ಟೆಲ್ಲ ಆದಮೇಲೆ ಪಟ್ಟಿ ಅರ್ಧಕ್ಕಿಳಿಯಿತು. ಅದನ್ನು ಮತ್ತೂ ಜರಡಿ ಹಿಡಿದದ್ದು ಇಸಿಟಿಎಸ್ ಕ್ರೆಡಿಟ್, ಅಂದರೆ ಯಾವ ವಿಷಯ ಎಷ್ಟು ಓದಿದ್ದೀರಿ ಅಂತ ಅಳೆಯುವ ಯೂರೋಪಿನ ಲೆಕ್ಕ. ನಮ್ಮವರು ಹೆಚ್ಚಾಗಿ ರಿಜೆಕ್ಟ್ ಆಗುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜರ್ಮನಿಯವರು "ಬಿಇ ಸಿಎಸ್ ಇದೆಯಾ" ಅಂತ ಕೇಳಿ ಬಿಡುವುದಿಲ್ಲ. ಗಣಿತ ಇಷ್ಟು ಕ್ರೆಡಿಟ್, ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ ಇಷ್ಟು, ಪ್ರೋಗ್ರಾಮಿಂಗ್ ಮತ್ತು ಸಿಸ್ಟಮ್ಸ್ ಇಷ್ಟು ಅಂತ ಅನೇಕರು ಕೇಳುತ್ತಾರೆ. ಅವರಲ್ಲಿ ವರ್ಷಕ್ಕೆ 60 ಇಸಿಟಿಎಸ್, ನಾಲ್ಕು ವರ್ಷಕ್ಕೆ 240. ವಿಟಿಯು 2018ರ ಸ್ಕೀಮ್‌ನಲ್ಲಿ ನನ್ನ ಒಟ್ಟು ಕ್ರೆಡಿಟ್ 175. ಅಂದರೆ ನಮ್ಮ ಒಂದು ಕ್ರೆಡಿಟ್ ಅವರ 1.37ಕ್ಕೆ ಸಮ. ಎಂಜಿನಿಯರಿಂಗ್ ಮ್ಯಾಥ್ಸ್‌ನ ಎಂ1, ಎಂ2 ನಾಲ್ಕು ನಾಲ್ಕು, ಎಂ3, ಎಂ4 ಮೂರು ಮೂರು, ಡಿಸ್ಕ್ರೀಟ್ ಮ್ಯಾಥ್ಸ್ ಮೂರು: ಒಟ್ಟು 17, ಇಸಿಟಿಎಸ್‌ಗೆ ತಂದರೆ 23. ಗಣಿತದಲ್ಲಿ ತೊಂದರೆ ಇಲ್ಲ. ಆದರೆ ಥಿಯರಿಗೆ? ಆಟೋಮಾಟಾ ಮೂರು, ಡಿಎಎ (ಅಲ್ಗಾರಿದಮ್ ವಿಷಯ) ನಾಲ್ಕು, ಎರಡೂ ಸೇರಿ ಒಂಬತ್ತೂವರೆ ಆಯಿತು, ಮುಗಿಯಿತು. ಹದಿನೈದು ಇಪ್ಪತ್ತು ಕೇಳುವ ಕಡೆ ಅರ್ಜಿ ಹಾಕುವುದು ದುಡ್ಡು ದಂಡ. ಡೇಟಾ ಸ್ಟ್ರಕ್ಚರ್ಸ್ ಅನ್ನು ಒಬ್ಬರು ಥಿಯರಿಗೆ ಹಾಕಿಕೊಳ್ಳುತ್ತಾರೆ, ಇನ್ನೊಬ್ಬರು ಪ್ರೋಗ್ರಾಮಿಂಗ್‌ಗೆ. ಇಮೇಲ್ ಬರೆದು ಕೇಳಿದರೆ ಕೋರ್ಸ್ ಕೋಆರ್ಡಿನೇಟರ್‌ಗಳು ಉತ್ತರ ಕೊಡುತ್ತಾರೆ, ಸ್ವಲ್ಪ ನಿಧಾನ ಅಷ್ಟೆ.

ಸಿಲಬಸ್ ಪ್ರತಿಯಿಂದ ಪ್ರತಿ ವಿಷಯದ ಅಧ್ಯಾಯಗಳನ್ನು ತೆಗೆದು, ಯಾವ ಗುಂಪಿಗೆ ಸೇರಬೇಕು ಅಂತ ಒಂದು ಎಕ್ಸೆಲ್ ಶೀಟ್ ಮಾಡಿ ಅರ್ಜಿಯ ಜೊತೆ ಲಗತ್ತಿಸಿದೆ. ಎಂ1ರ ಹೆಸರೇ ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜೀಬ್ರಾ. ಬರೀ "ಎಂಜಿನಿಯರಿಂಗ್ ಮ್ಯಾಥ್ಸ್ 1" ಅಂತ ಬರೆದರೆ ಅವರಿಗೆ ಒಳಗೆ ಏನಿದೆ ಅಂತ ಗೊತ್ತಾಗಬೇಕಲ್ಲ.

ಅಂಕ ಪರಿವರ್ತನೆಯೂ ಒಂದು ಕಥೆ. ಜರ್ಮನ್ ಪದ್ಧತಿಯಲ್ಲಿ 1 ಅತ್ಯುತ್ತಮ, 4 ಪಾಸು. ಗರಿಷ್ಠ ಅಂಕದಿಂದ ನಮ್ಮ ಅಂಕ ಕಳೆದು, ಗರಿಷ್ಠ ಮತ್ತು ಕನಿಷ್ಠ ಪಾಸಿನ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಇದಕ್ಕೆ ಬವೇರಿಯನ್ ಸೂತ್ರ ಅನ್ನುತ್ತಾರೆ. ಹತ್ತಕ್ಕೆ 7.8 ಸಿಜಿಪಿಎಗೆ ಕನಿಷ್ಠ ಪಾಸು 4 ಅಂತ ಹಿಡಿದರೆ 2.1 ಬರುತ್ತದೆ, 5 ಅಂತ ಹಿಡಿದರೆ 2.3. ಎಷ್ಟೋ ಕಡೆ 2.5ರ ಗೆರೆ ಎಳೆದಿರುವುದರಿಂದ ಈ ಚಿಲ್ಲರೆ ವ್ಯತ್ಯಾಸವೂ ಮುಖ್ಯ.

ಕನ್ಸಲ್ಟೆನ್ಸಿಗೆ ಹೋಗಬೇಕಾ ಅಂತ ಕೇಳುತ್ತಾರೆ. ನಾನೂ ಬೆಂಗಳೂರಿನಲ್ಲಿ ಒಂದು ಕಡೆ ಹೋಗಿ ಕೂತಿದ್ದೆ. ಅವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಬಹುತೇಕ ಖಾಸಗಿ ಯೂನಿವರ್ಸಿಟಿಗಳು. "ಮೇಡಂ, ಅಡ್ಮಿಷನ್ ಪಕ್ಕಾ, ಎಪಿಎಸ್ ಮಾಡಿಸಿಬಿಡಿ ಸಾಕು" ಅಂದರು. (ಎಪಿಎಸ್ ಅಂದರೆ ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿಯೇ ಅಂತ ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪ್ರಮಾಣಪತ್ರ.) ಸರ್ಕಾರಿ ಯೂನಿವರ್ಸಿಟಿಗಳ ಬಗ್ಗೆ ಕೇಳಿದರೆ ಮಾತು ತೇಲಿಸಿದರು. ಸರ್ಕಾರಿ ಯೂನಿವರ್ಸಿಟಿಯಿಂದ ಅವರಿಗೆ ಕಮಿಷನ್ ಹುಟ್ಟುವುದಿಲ್ಲ. ಡಿಎಎಡಿ ಅನ್ನುವ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್ ಕೋರ್ಸುಗಳ ಪಟ್ಟಿ ಪುಕ್ಕಟೆ ಸಿಗುತ್ತದೆ, ಶುಲ್ಕ ಇದೆಯೋ ಇಲ್ಲವೋ ಅಂತ ಜರಡಿ ಹಿಡಿಯುವ ಸೌಲಭ್ಯವೂ ಇದೆ. ನನ್ನ ಕೆಲಸವೆಲ್ಲ ಅಲ್ಲಿಂದಲೇ ನಡೆಯಿತು.

ಅರ್ಜಿ ಹಂತದ ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 2022ರ ನವೆಂಬರ್‌ನಿಂದ ಭಾರತೀಯರಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ 18,000 ರೂಪಾಯಿ. ಅನೇಕ ಯೂನಿವರ್ಸಿಟಿಗಳ ಪರವಾಗಿ ವಿದೇಶಿಯರ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹೋಗುವ ಮೊದಲ ಅರ್ಜಿಗೆ 75 ಯೂರೋ, ಆಮೇಲೆ ಒಂದೊಂದಕ್ಕೂ 30. ಇಂಗ್ಲಿಷ್ ಪರೀಕ್ಷೆ ಬೇರೆ. ಅರ್ಜಿಯನ್ನು ಯೂನಿವರ್ಸಿಟಿಗೇ ನೇರವಾಗಿ, ಶುಲ್ಕವಿಲ್ಲದೆ ತೆಗೆದುಕೊಳ್ಳುವ ಕಡೆಗಳನ್ನು ನಾನು ಪಟ್ಟಿಯ ಮುಂದಕ್ಕೆ ತಂದೆ.

ಮನೆಯಲ್ಲಿ ದೊಡ್ಡ ಚರ್ಚೆ ಆದದ್ದು ಬ್ಲಾಕ್ಡ್ ಅಕೌಂಟ್ ಬಗ್ಗೆ. ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚ ಮುಂಚೆಯೇ ಇಡಬೇಕು. ನಾನು ಹೊರಡುವಾಗ ಅದು 11,208 ಯೂರೋ, ಆಗಿನ ದರಕ್ಕೆ ಹತ್ತು ಲಕ್ಷ ದಾಟಿತ್ತು. 2024ರ ಸೆಪ್ಟೆಂಬರ್‌ನಿಂದ 11,904 ಆಯಿತು.

"ಅಷ್ಟು ದುಡ್ಡು ಅವ್ರಿಗೆ ಕಟ್ಟಿ ಬರೂದಾ?" ಅಂದರು ಅಪ್ಪಯ್ಯ.

"ಕಟ್ಟೋದಲ್ಲ ಅಪ್ಪಯ್ಯ. ನನ್ನ ಹೆಸರಲ್ಲೇ ಇರತ್ತೆ, ತಿಂಗಳಿಗಿಷ್ಟು ಅಂತ ನಂಗೇ ವಾಪಸ್ ಕೊಡ್ತಾರೆ."

"ಹಂಗಾರೆ ನಿನ್ನ ದುಡ್ಡು ನಿಂಗೇ ಸಂಬಳ ಕೊಟ್ಟಂಗಾತು" ಅಂತ ನಕ್ಕರು. ಸರಿಯಾಗಿಯೇ ಹೇಳಿದರು. ಇದು ಫೀಸಲ್ಲ, ಖರ್ಚಿನ ಮುಂಗಡ. ಸಾಲ ಮಂಜೂರಾತಿಗೆ ಬ್ಯಾಂಕಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಯಿತು, ಯಾಕೆಂದರೆ ಫೀಸಿನ ರಸೀದಿ ಇಲ್ಲದ ವಿದೇಶಿ ಓದಿಗೆ ಸಾಲ ಯಾಕೆ ಅನ್ನುವುದು ಅವರ ತಲೆನೋವು.

ಕೊನೆಗೆ ಸಾರ್‌ಲಾಂಡ್ ಯೂನಿವರ್ಸಿಟಿ ಆರಿಸಿದ್ದಕ್ಕೆ ಕಾರಣ ಬಾಡಿಗೆಯಷ್ಟೇ ಅಲ್ಲ. ಮ್ಯಾಕ್ಸ್ ಪ್ಲಾಂಕ್‌ನ ಇನ್ಫರ್ಮ್ಯಾಟಿಕ್ಸ್ ಸಂಸ್ಥೆ, ಕೃತಕ ಬುದ್ಧಿಮತ್ತೆಯ ಸಂಶೋಧನಾ ಕೇಂದ್ರ ಡಿಎಫ್‌ಕೆಐ, ಸೈಬರ್ ಭದ್ರತೆಯ ಸಿಸ್ಪಾ, ಎಲ್ಲವೂ ಸಾರ್‌ಬ್ರುಕನ್‌ನಲ್ಲೇ ಇವೆ. ಇಂಥ ಊರಲ್ಲಿ ವಿದ್ಯಾರ್ಥಿ ಸಹಾಯಕ ಕೆಲಸ, ಇಲ್ಲಿನವರು "ಹಿವಿ" ಅನ್ನುತ್ತಾರೆ, ಅದು ಇಂಗ್ಲಿಷಿನಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಬೇರೆ ಊರುಗಳಲ್ಲಿ ಕಂಪನಿ ಕೆಲಸಕ್ಕೆ ಜರ್ಮನ್ ಭಾಷೆಯಲ್ಲಿ ಬಿ1, ಬಿ2 ಅನ್ನುವ ಮಧ್ಯಮ ಮಟ್ಟ ಕೇಳುತ್ತಾರೆ, ಅಷ್ಟು ಬರುವ ತನಕ ಗೋದಾಮಿನಲ್ಲಿ ಪಾರ್ಸೆಲ್ ಎತ್ತಬೇಕು. ವಾರಕ್ಕೆ ಹತ್ತು ಗಂಟೆ ಲ್ಯಾಬಿನಲ್ಲಿ ದುಡಿದರೆ ತಿಂಗಳಿಗೆ ಐನೂರರ ಹತ್ತಿರ ಬರುತ್ತದೆ, ಬಾಡಿಗೆ ಮತ್ತು ಆರೋಗ್ಯ ವಿಮೆಯ ಖರ್ಚು ಅದರಲ್ಲೇ ಕಳೆಯುತ್ತದೆ. ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ಮಿತಿ ಇದೆ. ಯೂನಿವರ್ಸಿಟಿಯ ಹಿವಿ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಮೊದಲ ಸೆಮಿಸ್ಟರ್‌ಗೆ ಸಂಪಾದನೆ ಸೊನ್ನೆ ಅಂತಲೇ ಲೆಕ್ಕ ಹಾಕಿ. ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಂಬಿ ಬಂದವರ ಪಾಡು ಇಲ್ಲಿ ನೋಡಿದ್ದೇನೆ.

ನಾಲ್ಕೈದು ವರ್ಷ ಕೆಲಸ ಮಾಡಿ ಬರುವವರಿಗೆ ಒಂದು ಮಾತು. ವಿದ್ಯಾರ್ಥಿ ದರದ ಸರ್ಕಾರಿ ಆರೋಗ್ಯ ವಿಮೆ ತಿಂಗಳಿಗೆ ನೂರನಲವತ್ತು ಯೂರೋ ಆಸುಪಾಸು, ಆದರೆ ಅದು ಮೂವತ್ತು ವಯಸ್ಸಿನ ತನಕ ಮಾತ್ರ. ಅದಕ್ಕೆ ಮೇಲ್ಪಟ್ಟವರಿಗೆ ಲೆಕ್ಕವೇ ಬೇರೆ, ಊರು ಯಾವುದಾದರೂ.

ಹಾಗೆಯೇ, ಅಡ್ಮಿಷನ್ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ, ವೀಸಾ ಆಗಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಸರದಿ ತಿಂಗಳುಗಟ್ಟಲೆ ಇರುತ್ತದೆ, ಮತ್ತು ಹೊರಗೆ ಸಿಗುವ ಕೋಣೆ ಈ ಮೇಲಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ.