ಮೂರು ಸೊನ್ನೆ ಕಿತ್ತ ಕೋಟ್ಯಧಿಪತಿ

ನಾನು ಟಿವಿ ಕೆಲಸದವನಲ್ಲ. ದಾವಣಗೆರೆಯಲ್ಲಿ ಸಣ್ಣದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡವನು. ಹೋದ ವರ್ಷ ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಮೂರು ರಾತ್ರಿ ಕೋಟ್ಯಧಿಪತಿ ಆಟ ಆಡಿಸಿದೆ. ಮೊದಲ ರಾತ್ರಿ 2000ದ ರೂಲ್ಸು, ಎರಡನೇ ರಾತ್ರಿ 2010ರ ರೂಲ್ಸು, ಮೂರನೇ ರಾತ್ರಿ 2020ರ ರೂಲ್ಸು.

ಶುರುವಾಗಿದ್ದು ಅಂಗಡಿಯಲ್ಲಿ ನಡೆದ ಒಂದು ಜಗಳದಿಂದ. ಹಳೇ ಕೌನ್ ಬನೇಗಾ ಕರೋಡ್‌ಪತಿಯ ಮುಂದೆ ಈಗಿನದು ಏನೂ ಅಲ್ಲ ಅಂದೆ. ನನ್ನ ಅಕ್ಕನ ಮಗ ನಕ್ಕುಬಿಟ್ಟ. ‘ಮಾಮಾ, ಅದು ಎತ್ತಿನ ಗಾಡಿ ಥರ ಹೋಗುತ್ತೆ. ನಿಮಗೆ ಆವಾಗ ಬೇರೆ ಚಾನಲ್ ಇರಲಿಲ್ಲ, ಅದಕ್ಕೆ ಚೆನ್ನಾಗಿತ್ತು’ ಅಂದ. ಸಿಟ್ಟು ಬಂತು, ಆದರೆ ಉತ್ತರ ಇರಲಿಲ್ಲ. 2000ದ ಜುಲೈ 3ರಂದು ಅದು ಶುರುವಾದಾಗ ನಾನು ಒಂಬತ್ತನೇ ಕ್ಲಾಸು. ಪಕ್ಕದ ಮನೆಯವರ ಟಿವಿ, ಅರ್ಧಂಬರ್ಧ ಹಿಂದಿ, ನಡುವೆ ಕರೆಂಟು ಹೋಗೋದು. ಆ ವಯಸ್ಸಿನಲ್ಲಿ ನೋಡಿದ್ದೆಲ್ಲ ಚೆನ್ನಾಗೇ ಇರುತ್ತೆ ಅಲ್ವಾ? ಹಾಗಾಗಿ ವಾದ ಬಿಟ್ಟು ಆಡಿಸಿಯೇ ನೋಡೋಣ ಅಂದುಕೊಂಡೆ.

ಮೊದಲ ತಲೆನೋವು ದುಡ್ಡಿನದು. ಮೊದಲ ಸೀಸನ್ನಿನ ಏಣಿ ನನಗೆ ಬಾಯಿಪಾಠ. ಸಾವಿರ, ಎರಡು ಸಾವಿರ, ಮೂರು ಸಾವಿರ, ಐದು ಸಾವಿರ, ಹತ್ತು ಸಾವಿರ. ಅಲ್ಲಿಂದ ದುಪ್ಪಟ್ಟು ದುಪ್ಪಟ್ಟಾಗಿ ಹತ್ತನೇ ಪ್ರಶ್ನೆಗೆ 3,20,000, ಹದಿನೈದನೆಯದಕ್ಕೆ ಒಂದು ಕೋಟಿ. ಇದರಲ್ಲಿ ಮೂರು ಸೊನ್ನೆ ಕಿತ್ತೆ. ಮೊದಲ ಪ್ರಶ್ನೆಗೆ 1 ರೂಪಾಯಿ, ಐದನೆಯದಕ್ಕೆ 10, ಹತ್ತನೆಯದಕ್ಕೆ 320, ಕೊನೆಯದಕ್ಕೆ 10,000. ಐದು ಮತ್ತು ಹತ್ತನೆಯವು ದಾಟಿದ ಮೇಲೆ ಬಿದ್ದರೂ ಅಷ್ಟು ದುಡ್ಡು ಗ್ಯಾರಂಟಿ. ಓಣಿಯಲ್ಲಿ ಪಟ್ಟಿ ಎತ್ತಿದ್ದರಲ್ಲಿ ನಮಗೆ ಸಿಕ್ಕಿದ್ದು ಹತ್ತೇ ಸಾವಿರ. ಲೆಕ್ಕ ನೋಡುವವರು ಮೂರು ದಿನವೂ ಒಂದೇ ಪ್ರಶ್ನೆ ಕೇಳಿದರು. ‘ಮೂರು ರಾತ್ರೀನೂ ಯಾರಾದ್ರೂ ಗೆದ್ದುಬಿಟ್ರೆ?’ ನಾನೂ ಮೂರು ದಿನ ಒಂದೇ ಉತ್ತರ ಕೊಟ್ಟೆ. ‘ಗೆಲ್ಲಲ್ಲ ಬಿಡಿ ಅಣ್ಣ.’

ತಮಾಷೆ ಏನಂದ್ರೆ, ಏಣಿ ರೂಪಾಯಿಗೆ ಇಳಿದರೂ ಜನ ನಡುಗುವುದು ಕಡಿಮೆ ಆಗಲಿಲ್ಲ. 160 ರೂಪಾಯಿ ಇಟ್ಟುಕೊಂಡವನಿಗೆ 320 ಕಣ್ಣಿಗೆ ಕಾಣುತ್ತಿದ್ದರೆ ಅವನ ಕಾಲು ಅಲ್ಲಾಡುತ್ತೆ. ದುಡ್ಡು ಎಷ್ಟು ಅನ್ನೋದಕ್ಕಿಂತ ದುಪ್ಪಟ್ಟು ಅನ್ನೋದೇ ಕೆಲಸ ಮಾಡುತ್ತೆ.

ಇನ್ನು ಸಂಗೀತ. ಈ ಆಟದ ಮೂಲ ಬ್ರಿಟನ್ನಿನದು, 1998ರಲ್ಲಿ ಶುರುವಾದದ್ದು. ಅದರಲ್ಲಿ ಮೇಲಿನ ಪ್ರಶ್ನೆಗಳಿಗೆ ಹೋದ ಹಾಗೆ ಹಿಂದಿನ ಸಂಗೀತ ಒಂದೊಂದು ಪ್ರಶ್ನೆಗೂ ಅರ್ಧ ಸ್ವರ ಮೇಲೇರುತ್ತೆ. ಕೇಳುವವರಿಗೆ ಗೊತ್ತಾಗಲ್ಲ, ಆದರೆ ಎದೆ ಮಾತ್ರ ಬಿಗಿಯಾಗುತ್ತಾ ಹೋಗುತ್ತೆ. ನಮ್ಮಲ್ಲಿ ಭಜನೆಯ ಹಾರ್ಮೋನಿಯಂ ಇತ್ತು. ನುಡಿಸುವವರಿಗೆ ‘ಸುಮ್ನೆ ಒಂದು ಮನೆ ಒತ್ತಿ ಹಿಡೀರಿ. ಪ್ರಶ್ನೆ ಬದಲಾದಾಗ ಕರಿ ಬಿಳಿ ಯಾವುದನ್ನೂ ಬಿಡದೆ ಮುಂದಿನ ಮನೆಗೆ ಹೋಗಿ’ ಅಂದೆ. ಅವರಿಗೆ ಅವಮಾನವಾದ ಹಾಗೆ ಕಂಡಿತು. ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದವರಿಗೆ ಒಂದೇ ಮನೆ ಒತ್ತು ಅಂದರೆ! ಆದರೆ ಎಂಟನೇ ಪ್ರಶ್ನೆ ಹೊತ್ತಿಗೆ ಪೆಂಡಾಲಿನಲ್ಲಿ ಮಕ್ಕಳ ಗಲಾಟೆ ತಾನಾಗೇ ನಿಂತದ್ದನ್ನು ಅವರೇ ನನಗೆ ತೋರಿಸಿದರು.

ಕುರ್ಚಿಗೆ ಯಾರು ಬರಬೇಕು ಅಂತ ತೀರ್ಮಾನಿಸುವ ಬೆರಳಿನ ಓಟಕ್ಕೆ, ಅಂದರೆ ಫಾಸ್ಟೆಸ್ಟ್ ಫಿಂಗರ್‌ಗೆ, ಹತ್ತು ಸ್ಲೇಟು ತಂದೆ. ಬೆಂಗಳೂರಿನಿಂದ ಪಿ.ಬಿ. ರಸ್ತೆಯಲ್ಲಿ ಬರುವಾಗ ಸಿಗುವ ಕ್ರಮದಲ್ಲಿ ಬರೆಯಿರಿ: ಚಿತ್ರದುರ್ಗ, ತುಮಕೂರು, ಹಿರಿಯೂರು, ಶಿರಾ. ಮೊದಲು ಸ್ಲೇಟು ಎತ್ತಿದ್ದು ಲಾರಿ ಡ್ರೈವರ್ ಅಲ್ಲ, ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದವರು.

ಮೊದಲ ರಾತ್ರಿ ಆ ಅಕ್ಕ ಏಳನೇ ಪ್ರಶ್ನೆಯವರೆಗೆ ಬಂದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು ಯಾವ ವರ್ಷ? ಅವರು ಆಡಿಯೆನ್ಸ್ ಪೋಲ್ ಕೇಳಿದರು. ಟಿವಿಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಕೀಪ್ಯಾಡ್ ಇರುತ್ತೆ, ನಮ್ಮಲ್ಲಿ ಇರೋದು ಕೈ. ‘1956 ಅನ್ನೋರು ಎತ್ತಿ’ ಅಂದೆ. ಮುಂದಿನ ಸಾಲಿನ ನಾಲ್ಕು ಹುಡುಗರು ಭಾರಿ ಜೋರಿನಲ್ಲಿ ಎತ್ತಿದರು. ಅವರನ್ನು ನೋಡಿ ಅವರ ಹಿಂದಿನವರು, ಅವರನ್ನು ನೋಡಿ ಇಡೀ ಪೆಂಡಾಲು. ಸರಿ ಉತ್ತರ 1973. ಅಕ್ಕ 10 ರೂಪಾಯಿಗೆ ಇಳಿದರು. ಮರುದಿನದಿಂದ ‘ಕಣ್ಣು ಮುಚ್ಚಿ ಕೈ ಎತ್ತಿ’ ಅಂತ ಮಾಡಿದೆ. ಪಕ್ಕದವರು ಏನು ಒತ್ತಿದರು ಅಂತ ಕಾಣದ ಹಾಗೆ ಮಾಡುವುದೇ ಕೀಪ್ಯಾಡಿನ ಮುಖ್ಯ ಕೆಲಸ ಅಂತ ನನಗೆ ಅವತ್ತೇ ಹೊಳೆದದ್ದು.

50-50ಯಲ್ಲಿ ಮೊದಲು ನಾನೇ ಯೋಚಿಸಿ ಎರಡು ತಪ್ಪು ಉತ್ತರ ತೆಗೆಯುತ್ತಿದ್ದೆ. ಬೇಕಾದವರಿಗೆ ಸುಲಭದ್ದು ಉಳಿಸ್ತೀಯ ಅಂತ ಮಾತು ಬಂತು. ಆಮೇಲೆ ಚೀಟಿ ಎತ್ತಿಸಿದೆ. ಮುಗೀತು.

ಈಗ ಅದೇ ಮೊದಲ ರಾತ್ರಿ ಆಡಿದ ಓಣಿಯ ಒಬ್ಬ ಅಜ್ಜನ ಕಥೆ. ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿ ಎಷ್ಟೋ ವರ್ಷದ ಹಿಂದೆ ನಿವೃತ್ತರಾದವರು. ಒಂಬತ್ತನೇ ಪ್ರಶ್ನೆ, 160 ರೂಪಾಯಿ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಯಾವ ನದಿಗೆ ಕಟ್ಟಿದ್ದು? ಎ ತುಂಗಾ, ಬಿ ವೇದಾವತಿ, ಸಿ ಹಗರಿ, ಡಿ ಶಿಂಷಾ.

ಅಜ್ಜ ಮಾತಾಡಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡರು. 2000ದ ರೂಲ್ಸಿನಲ್ಲಿ ಗಡಿಯಾರ ಇಲ್ಲ, ನಾನು ಅವಸರ ಮಾಡುವ ಹಾಗೂ ಇಲ್ಲ. ನಿಧಾನಕ್ಕೆ ಬಾಯಿಬಿಟ್ಟು ಯೋಚಿಸೋಕೆ ಶುರು ಮಾಡಿದರು. ತುಂಗಾ ಅಲ್ಲ, ಅದು ಶೃಂಗೇರಿ, ಶಿವಮೊಗ್ಗದ ಕಡೆಯದು. ಶಿಂಷಾ ಅಲ್ಲ, ಅದು ತುಮಕೂರಿನ ಕಡೆ ಹುಟ್ಟಿ ಕೆಳಗೆ ಹೋಗುತ್ತೆ. ಮಾರಿಕಣಿವೆಗೆ, ಅದೇ ವಾಣಿವಿಲಾಸ ಸಾಗರಕ್ಕೆ, ಹುಡುಗನಿದ್ದಾಗ ಹೋಗಿದ್ದೆ, ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ತಿಂದಿದ್ವಿ. ಅದು 1907ರಲ್ಲಿ ಮುಗಿದ ಕಟ್ಟೆ ಅಂತ ನಮ್ಮಪ್ಪ ಹೇಳ್ತಿದ್ರು. ಹಿಂಗೆ ನಾಲ್ಕೈದು ನಿಮಿಷ. ಹಾರ್ಮೋನಿಯಂ ಒಂದೇ ಮನೆಯಲ್ಲಿ ಗುಂಯ್ ಅನ್ನುತ್ತಾ ಇತ್ತು. ಯಾರೂ ಎದ್ದು ಹೋಗಲಿಲ್ಲ. ಆಮೇಲೆ ಅಜ್ಜ ನನ್ನ ಕಡೆ ತಿರುಗಿದರು.

‘ತಮ್ಮಾ, ಬಿ, ಸಿ ಎರಡೂ ಒಂದೇ ಹೊಳಿ ಅಲ್ಲೇನು?’

ನನಗೆ ಅರ್ಥವಾಗಲಿಲ್ಲ.

‘ನಮ್ಮ ಮಾವನ ಊರು ಬಳ್ಳಾರಿ ಕಡೆ. ಅಲ್ಲಿ ಹಗರಿ ಅಂತಾರ. ಹಿರಿಯೂರಾಗ ವೇದಾವತಿ ಅಂತಾರ. ನೀರು ಅದೇ. ಯಾವುದನ್ನ ಲಾಕ್ ಮಾಡ್ಲಿ ಹೇಳು.’

ಪೆಂಡಾಲಿನಲ್ಲಿ ಶಿಳ್ಳೆ ಬಿತ್ತು. ಬೆವರಿದ್ದು ನಾನು. ಅವರು ಹೇಳಿದ್ದು ಸರಿಯೇ. ತಪ್ಪು ಉತ್ತರ ಸಿಗದೆ ನಕ್ಷೆಯಲ್ಲಿ ಕಣ್ಣಿಗೆ ಬಿದ್ದ ಒಂದು ನದಿಯ ಹೆಸರು ತುಂಬಿಸಿದ್ದೆ. ಪ್ರಶ್ನೆ ಬದಲಿಸಿ, ಹರಿಹರೇಶ್ವರ ದೇವಸ್ಥಾನ ಯಾವ ಅರಸರ ಕಾಲದ್ದು ಅಂತ ಕೇಳಿದೆ. ‘ಹೊಯ್ಸಳರು’ ಅಂದರು, ಉಸಿರು ಬಿಡುವಷ್ಟರಲ್ಲಿ. 640ರವರೆಗೆ ಹೋಗಿ, ಸಾಕು ಅಂತ ಆಟ ಬಿಟ್ಟರು. ಗಂಟೆ ಹತ್ತಕ್ಕೆ ಐದು ನಿಮಿಷ ಬಾಕಿ. ಹತ್ತಕ್ಕೆ ಮೈಕ್ ಬಂದ್ ಮಾಡಲೇಬೇಕು. ಒಂದೂವರೆ ಗಂಟೆಯಲ್ಲಿ ಇಬ್ಬರೇ ಆಡಿದ್ದರು. ಸ್ಲೇಟು ಹಿಡಿದು ಕಾದಿದ್ದ ಉಳಿದ ಎಂಟು ಜನ ನನ್ನನ್ನು ಚೆನ್ನಾಗಿಯೇ ಬೈದರು.

ಎರಡನೇ ರಾತ್ರಿ ಗಡಿಯಾರ ಬಂತು. ಹಿಂದಿಯಲ್ಲೂ ಅದು ಬಂದದ್ದು 2010ರಲ್ಲಿ, ಆಟ ಸೋನಿಗೆ ಹೋಗಿ ಬಚ್ಚನ್ ವಾಪಸ್ ಬಂದಾಗ. ನಡುವೆ 2007ರಲ್ಲಿ ಶಾರುಖ್ ಖಾನ್ ಒಂದು ಸೀಸನ್ ನಡೆಸಿದ್ದರು, ಅದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ನೆನಪೇ ಇಲ್ಲ. ಮೊದಮೊದಲ ಪ್ರಶ್ನೆಗಳಿಗೆ ಗಡಿಯಾರ, ಮೇಲೇರಿದ ಮೇಲೆ ಇಲ್ಲ. ನಾನು ಮೊಬೈಲಿನ ಟೈಮರ್ ಶಬ್ದವನ್ನು ಸ್ಪೀಕರಿಗೆ ಹಾಕಿ 30 ಸೆಕೆಂಡ್ ಇಟ್ಟೆ.

ಬಿಕಾಂ ಓದುವ ಒಬ್ಬ ಹುಡುಗಿ ಕೂತಳು. ಚುರುಕು. ಮೂರನೇ ಪ್ರಶ್ನೆ: 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ನಮ್ಮ ಊರು ಯಾವ ಜಿಲ್ಲೆಯಲ್ಲಿತ್ತು? ಇದು ನಾನು ಬಿಟ್ಟಿ ಕೊಟ್ಟ ಪ್ರಶ್ನೆ. ಟಿಕ್ ಟಿಕ್ ಶುರುವಾಯಿತು. ಹುಡುಗಿ ‘ಶಿವಮೊಗ್ಗ, ಲಾಕ್’ ಅಂದಳು. ಪೆಂಡಾಲೆಲ್ಲ ‘ಅಯ್ಯೋ’ ಅಂದಿತು. ಕೈಗೆ ಒಂದು ರೂಪಾಯಿಯೂ ಸಿಗಲಿಲ್ಲ. ಆಮೇಲೆ ಕುರ್ಚಿ ಎತ್ತಿಡುವಾಗ ಬಂದು ಹೇಳಿದಳು. ಅವಳ ಅಮ್ಮನ ತವರು ಚನ್ನಗಿರಿ. ‘ಮೊದಲು ನಮ್ಮದು ಶಿವಮೊಗ್ಗ ಜಿಲ್ಲೆ’ ಅಂತ ಮನೆಯಲ್ಲಿ ಯಾವಾಗಲೂ ಅಂತಿದ್ದರಂತೆ. ಅದೂ ನಿಜವೇ. ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ದಾವಣಗೆರೆ ಇದ್ದದ್ದು ಚಿತ್ರದುರ್ಗದಲ್ಲಿ. ಬಾಯಿಬಿಟ್ಟು ಯೋಚಿಸಿದ್ದರೆ ಅಮ್ಮನ ಊರು ಬೇರೆ, ಈ ಊರು ಬೇರೆ ಅಂತ ಅವಳಿಗೇ ಹೊಳೆಯುತ್ತಿತ್ತು. ಗಡಿಯಾರದ ಮುಂದೆ ಬಾಯಿ ಮುಚ್ಚುತ್ತೆ. ತಲೆಯಲ್ಲಿ ಮೊದಲು ಬಂದದ್ದೇ ಉತ್ತರವಾಗುತ್ತೆ. ಅವಳ ತಲೆಯಲ್ಲಿ ಏನಿತ್ತು ಅನ್ನೋದು ನೋಡುವವರಿಗೆ ಕಾಣಲೇ ಇಲ್ಲ. ಅಜ್ಜನ ತಲೆ ಹಿಂದಿನ ರಾತ್ರಿ ಪೂರ್ತಿ ಕಂಡಿತ್ತು.

2010ರ ಇನ್ನೊಂದು ಹೊಸತು ಡಬಲ್ ಡಿಪ್. ಒಂದೇ ಪ್ರಶ್ನೆಗೆ ಎರಡು ಸಲ ಉತ್ತರ ಹೇಳಬಹುದು, ಆದರೆ ತಗೊಂಡ ಮೇಲೆ ಆಟ ಬಿಟ್ಟು ಹೋಗುವ ಹಾಗಿಲ್ಲ. ಕೇಳೋಕೆ ದಾನ, ನಿಜಕ್ಕೂ ಬಲೆ. ಹನ್ನೊಂದನೇ ಪ್ರಶ್ನೆಗೆ ಒಬ್ಬ ಹುಡುಗ ತಗೊಂಡ, ಎರಡೂ ತಪ್ಪು. ಮೊದಲ ತಪ್ಪಿಗೂ ಎರಡನೇ ಉತ್ತರಕ್ಕೂ ನಡುವೆ ಅವನು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 320ಕ್ಕೆ ನಿಂತ.

ಆದರೆ ಅವತ್ತು ಒಂದೂವರೆ ಗಂಟೆಯಲ್ಲಿ ಐದು ಜನ ಆಡಿದರು. ಹತ್ತಕ್ಕೆ ಸರಿಯಾಗಿ ಮೈಕ್ ನಿಂತಿತು. ಯಾರೂ ಬೈಯಲಿಲ್ಲ. ಅಕ್ಕನ ಮಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಟಿವಿಯವರಿಗೂ ಇಂಥದ್ದೇ ಒಂದು ಹತ್ತು ಗಂಟೆ ಇರಬೇಕು ಅನ್ನಿಸಿತು.

ಪ್ರಶ್ನೆಗಳ ಬಗ್ಗೆ ಒಂದು ಮಾತು. 2000ದಲ್ಲಿ ಹರ್ಷವರ್ಧನ್ ನವಾಥೆ ಒಂದು ಕೋಟಿ ಗೆದ್ದ ಪ್ರಶ್ನೆಯ ಉತ್ತರ ಅಟಾರ್ನಿ ಜನರಲ್. ಸಂವಿಧಾನದ ಪ್ರಕಾರ ಸಂಸತ್ತಿನ ಕಲಾಪದಲ್ಲಿ ಯಾರು ಭಾಗವಹಿಸಬಹುದು ಅನ್ನೋದು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಐದು ಕೋಟಿ ಗೆದ್ದದ್ದು, 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿದ ದೇಶ ಡೆನ್ಮಾರ್ಕ್ ಅಂತ ಹೇಳಿ. ಮೊದಲನೆಯದನ್ನು ಕೂತು ಯೋಚಿಸಿ ಹತ್ತಿರಕ್ಕಾದರೂ ಹೋಗಬಹುದು. ಎರಡನೆಯದು ನನ್ನಂಥವನಿಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ನಾನು ಪ್ರಶ್ನೆ ಬರೆಯುವಾಗ ಮೊದಲನೆಯ ಥರದ್ದನ್ನೇ ಆರಿಸಿದೆ. ಹಗರಿ ಒಂದು ಬಿಟ್ಟು.

ಕನ್ನಡದ ಕೋಟ್ಯಧಿಪತಿ ಬಂದದ್ದು 2012ರ ಮಾರ್ಚ್‌ನಲ್ಲಿ, ಸುವರ್ಣ ಚಾನಲ್ಲಿನಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಜೊತೆ. 2018ರಲ್ಲಿ ರಮೇಶ್ ಅರವಿಂದ್, 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್. ಇಲ್ಲಿ ನನಗೆ ರೂಲ್ಸಿನ ಲೆಕ್ಕ ಬೇಕಿಲ್ಲ. ನನ್ನ ಅಜ್ಜಿ ಮೊದಲ ಸಲ ಟಿವಿಗೆ ಎದುರು ಉತ್ತರ ಕೊಟ್ಟದ್ದು ಆವಾಗ. ಹನ್ನೆರಡು ವರ್ಷ ಆ ಆಟವನ್ನು ನಾವು ಅವರಿಗೆ ತರ್ಜುಮೆ ಮಾಡಿ ಹೇಳುತ್ತಿದ್ದೆವು, ಹೇಳಿ ಮುಗಿಸುವಷ್ಟರಲ್ಲಿ ಲಾಕ್ ಆಗಿರುತ್ತಿತ್ತು. ಯಾವ ಕಾಲದ ಆಟ ಚೆಂದ ಅಂತ ಅಜ್ಜಿಯನ್ನು ಕೇಳಿದ್ದರೆ 2012 ಅಂತಲೇ ಅನ್ನುತ್ತಿದ್ದರು.

ಮೂರನೇ ರಾತ್ರಿ ಎಡವಟ್ಟಿನ ರಾತ್ರಿ. 2020ರಲ್ಲಿ ಕೊರೊನಾದಿಂದ ಸ್ಟುಡಿಯೋದಲ್ಲಿ ಜನರೇ ಇರಲಿಲ್ಲ. ಆಡಿಯೆನ್ಸ್ ಪೋಲ್ ತೆಗೆದರು, ಅದರ ಬದಲು ಪರಿಚಯದವರಿಗೆ ವಿಡಿಯೋ ಕಾಲ್ ಬಂತು. ಬೆರಳಿನ ಓಟಕ್ಕೆ ಹತ್ತರ ಬದಲು ಎಂಟೇ ಜನ. ನಾನು ಪೆಂಡಾಲು ಖಾಲಿ ಮಾಡಿಸೋಕೆ ಆಗುತ್ತಾ? ‘ಇವತ್ತು ನಿಮ್ಮನ್ನ ಕೇಳಲ್ಲ’ ಅಂತ ಮೈಕಿನಲ್ಲಿ ಹೇಳಿದ್ದೇ ತಪ್ಪಾಯಿತು. ಕೇಳಿದಾಗ ಕೈ ಎತ್ತೋಕೆ ನಾಚುತ್ತಿದ್ದವರು ಈಗ ಕೂಗಿ ಕೂಗಿ ಉತ್ತರ ಹೇಳತೊಡಗಿದರು.

ಒಬ್ಬರು ಬೆಂಗಳೂರಿನ ತಮ್ಮನಿಗೆ ವಿಡಿಯೋ ಕಾಲ್ ಹಚ್ಚಿದರು. ಅದನ್ನು ಪ್ರೊಜೆಕ್ಟರಿಗೆ ಕೊಟ್ಟಿದ್ದೆ. 30 ಸೆಕೆಂಡಿನಲ್ಲಿ ಅರ್ಧ ‘ಕೇಳಿಸ್ತಿದೆಯಾ’ದಲ್ಲೇ ಹೋಯಿತು. ಆಮೇಲೆ ಪ್ರಶ್ನೆ ಕೇಳಿದ ತಮ್ಮ ಗಂಭೀರವಾಗಿ ಯೋಚಿಸುವ ಹಾಗೆ ಕೂತ. ಆದರೆ ಅವನ ಕನ್ನಡಕದಲ್ಲಿ ಬಿಳೀ ಪುಟವೊಂದು ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದದ್ದು ಆರಡಿ ಪರದೆಯ ಮೇಲೆ ಇಡೀ ಓಣಿಗೆ ಕಂಡಿತು. ಅಷ್ಟು ನಗು ಮೂರು ರಾತ್ರಿಯಲ್ಲಿ ಬಂದಿರಲಿಲ್ಲ.

ಉತ್ತರ ಗೊತ್ತಿಲ್ಲದಾಗ ಸಿಗುವ ಸಹಾಯಕ್ಕೆ ಲೈಫ್‌ಲೈನ್ ಅಂತಾರೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 2010ರಲ್ಲೇ ಫೋನ್ ಲೈಫ್‌ಲೈನ್ ತೆಗೆದುಹಾಕಿದರು. ಫೋನಿನ ಆ ಕಡೆ ಇರುವವರು ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳುತ್ತಿದ್ದರು. ಅದೇ ಅಮೆರಿಕದ ಆಟದಲ್ಲಿ 1999ರಲ್ಲಿ ಜಾನ್ ಕಾರ್ಪೆಂಟರ್ ಅನ್ನುವವರು ಕೊನೇ ಪ್ರಶ್ನೆಯವರೆಗೆ ಒಂದೂ ಲೈಫ್‌ಲೈನ್ ಮುಟ್ಟದೆ ಬಂದು, ಅಲ್ಲಿ ಅಪ್ಪನಿಗೆ ಫೋನ್ ಮಾಡಿಸಿ, ನನಗೆ ಸಹಾಯ ಬೇಡ, ನಾನು ಗೆಲ್ಲುತ್ತಿದ್ದೇನೆ ಅಂತ ಹೇಳೋಕೆ ಮಾಡಿದೆ ಅಂದಿದ್ದರು. ಗೆದ್ದರು ಕೂಡ. ಈಗ ಯಾರಾದರೂ ಹಾಗೆ ಮಾಡಿದರೂ ನಾವು ಮೊದಲು ಅಪ್ಪನ ಕನ್ನಡಕ ನೋಡುತ್ತೇವೆ.

ಮೂರು ರಾತ್ರಿ ಸೇರಿ ಮೂರು ಸಾವಿರವೂ ಖರ್ಚಾಗಲಿಲ್ಲ. ಮುಂದಿನ ಸಲ ಏನು ಮಾಡಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೇನೆ. ಮೊದಲ ಐದು ಪ್ರಶ್ನೆಗೂ ಗಡಿಯಾರ ಇಡಲ್ಲ, ಆ ಹುಡುಗಿಯ ಮುಖ ನೆನಪಿದೆ. ಬದಲಿಗೆ ಒಂದು ರಾತ್ರಿಗೆ ಮೂವರನ್ನೇ ಕೂರಿಸುತ್ತೇನೆ, ಅದನ್ನು ಮೊದಲೇ ಹೇಳುತ್ತೇನೆ. ಡಬಲ್ ಡಿಪ್ ಇರಲಿ. ಫೋನು ಬೇಡವೇ ಬೇಡ. ಅದರ ಬದಲು ಪೆಂಡಾಲಿನಲ್ಲೇ ಕೂತಿರುವ ಯಾರಾದರೂ ಒಬ್ಬರನ್ನು ಎಬ್ಬಿಸಿ ಕೇಳಬಹುದು. ಅಕ್ಕನ ಮಗ ಇದಕ್ಕೆ ಒಪ್ಪಿಲ್ಲ. ಐದು ಜನ ಆಡಲೇಬೇಕು ಅಂತಾನೆ.

ಗಣಪತಿ ಬಿಟ್ಟು ಒಂದು ವಾರಕ್ಕೆ ಅಜ್ಜ ಅಂಗಡಿಗೆ ಬಂದರು. ಹಳೇ ಡೈರಿಯ ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆ ಬರೆದು ತಂದಿದ್ದರು, ಮುಂದಿನ ವರ್ಷಕ್ಕೆ. ಟೈಪ್ ಮಾಡ್ತಾ ಕೂತೆ. ಏಳನೇ ಪ್ರಶ್ನೆ ಕೆರೆಗಳದ್ದು. ಎ ಸೂಳೆಕೆರೆ, ಬಿ ಕುಂದವಾಡ ಕೆರೆ, ಸಿ ಶಾಂತಿಸಾಗರ. ಕೈ ನಿಂತಿತು.

‘ಅಜ್ಜಾ, ಸೂಳೆಕೆರೆ, ಶಾಂತಿಸಾಗರ ಎರಡೂ ಒಂದೇ ಅಲ್ವಾ?’

‘ಹೌದು. ನೋಡ್ತೀಯೋ ಇಲ್ಲೋ ಅಂತ ಇಟ್ಟಿದ್ದೆ’ ಅಂದರು. ಟವೆಲಿನಿಂದ ಮುಖ ಒರೆಸಿಕೊಂಡು, ಎರಡು ಕಾಪಿ ತೆಗಿ ಅಂದರು.