ಕೆರೆಯಂಚಿನ ಟೆಂಟಿನಲ್ಲಿ ಬೆಚ್ಚಗೆ ಮಲಗಲು

ಅಮೆರಿಕದ ಡೆಟ್ರಾಯಿಟ್ ಕಡೆಯಿಂದ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ನಾಲ್ಕೂವರೆ ಗಂಟೆ ಹೋದರೆ ಮ್ಯಾಕಿನಾ ಸೇತುವೆ ಸಿಗುತ್ತದೆ. 1957ರಲ್ಲಿ ತೆರೆದ ಈ ಎಂಟು ಕಿಲೋಮೀಟರ್ ಸೇತುವೆ ದಾಟಿದರೆ ಮಿಶಿಗನ್‌ನ ಉತ್ತರದ ಪರ್ಯಾಯದ್ವೀಪ, ಅಪ್ಪರ್ ಪೆನಿನ್ಸುಲಾ. ಪ್ಯಾರಡೈಸ್ ಎಂಬ ಪುಟ್ಟ ಊರಿನ ಹತ್ತಿರ ಆಂಡ್ರಸ್ ಲೇಕ್ ಎಂಬ ಕೆರೆ, ಅದರ ದಡದಲ್ಲಿ ಟೆಂಟು ಹಾಕುವ ಜಾಗ ಇದೆ. ಇಂಥ ಅರಣ್ಯ ಕ್ಯಾಂಪ್‌ಗ್ರೌಂಡ್‌ಗಳನ್ನು ಅಲ್ಲಿ 'ರಸ್ಟಿಕ್' ಎನ್ನುತ್ತಾರೆ. ಇರುವುದು ಕೈಪಂಪು, ಗುಂಡಿ ಶೌಚಾಲಯ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಇಷ್ಟೇ. ಕರೆಂಟೂ ಇಲ್ಲ, ಸ್ನಾನದ ಮನೆಯೂ ಇಲ್ಲ.

ನಾನು ಆರಿಸಿಕೊಳ್ಳುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಮೇ ಕೊನೆಯಿಂದ ಜೂನ್‌ವರೆಗೆ ಕಪ್ಪು ನೊಣ, ಅದರ ಬೆನ್ನಿಗೇ ಸೊಳ್ಳೆ. ಮಕ್ಕಳಿದ್ದರೆ ಆ ತಿಂಗಳುಗಳು ಬೇಡವೇ ಬೇಡ. ಆದರೆ ಆಗಸ್ಟ್ ಕೊನೆಗೆ ರಾತ್ರಿ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಅಲ್ಲಿ ಸಾಮಾನ್ಯ.

ಈ ಚಳಿ ಕೆಳಗಿನಿಂದ ಬರುತ್ತದೆ. ಸ್ಲೀಪಿಂಗ್ ಬ್ಯಾಗ್‌ನ ತಳಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗಿ ಶಾಖ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ನೆಂಟರು ಬಂದಾಗ ಹಾಸುವ ಎತ್ತರದ ಗಾಳಿ ಹಾಸಿಗೆ ಇನ್ನೂ ಕೆಟ್ಟದ್ದು: ಒಳಗಿನ ಗಾಳಿ ಸುತ್ತಾಡುತ್ತಾ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ಬ್ಯಾಗ್ ಕೆಳಗೆ ಹಾಸಲು ಆರ್-ವ್ಯಾಲ್ಯೂ (ಶಾಖ ತಡೆಯುವ ಶಕ್ತಿಯ ಅಳತೆ) 4ರ ಮೇಲಿರುವ ಪ್ಯಾಡ್ ತಗೊಳ್ಳಿ. ಅದಿಲ್ಲದಿದ್ದರೆ ಮಡಿಸುವ ಫೋಮ್ ಚಾಪೆ ಎರಡು, ಅದರ ಮೇಲೆ ಒಂದು ಉಣ್ಣೆ ಕಂಬಳಿ. ಬ್ಯಾಗ್ ಕೊಳ್ಳುವಾಗ ನೋಡಬೇಕಾದ್ದು 'ಕಂಫರ್ಟ್' ಅಂಕೆ, ಅಂದರೆ ಆರಾಮಾಗಿ ನಿದ್ದೆ ಬರುವ ತಾಪಮಾನ. ಅದಕ್ಕಿಂತ ಕೆಳಗಿನ, ಮುದುಡಿಕೊಂಡು ಹೇಗೋ ಕಳೆಯಬಹುದಾದ 'ಲಿಮಿಟ್' ಅಂಕೆ ನಂಬಿದರೆ ರಾತ್ರಿಯಿಡೀ ನಡುಕ. ಚಳಿಯೆಂದು ಟೆಂಟಿನ ಕಿಂಡಿ ಮುಚ್ಚಬಾರದು. ಉಸಿರಿನ ತೇವ ಒಳಗೇ ನಿಂತು ಬೆಳಗಿನ ಹೊತ್ತಿಗೆ ಹೊದಿಕೆ ಒದ್ದೆಯಾಗಿರುತ್ತದೆ.

ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರಲಿ. ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ತಂದು ಬೆನ್ನಡಿಗೆ ಬಿಡುತ್ತದೆ. ಮರಳು ನೆಲದಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಮೊಳಕೈ ಉದ್ದದ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಕೋಲನ್ನು ಅಡ್ಡಲಾಗಿ ಒಂದಡಿ ಆಳಕ್ಕೆ ಹೂತು ಮರಳನ್ನು ತುಳಿದು ಗಟ್ಟಿ ಮಾಡಿದರೆ ಎಂಥ ಗಾಳಿಗೂ ಅಲುಗಾಡದು.

ನೀರು ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಪಂಪು ಕೆಟ್ಟಿರಬಹುದು, ನೀರಿಗೆ ಕಬ್ಬಿಣದ ರುಚಿಯಿರಬಹುದು. ಹಾಗಾಗಿ 20 ಲೀಟರಿನ ಕ್ಯಾನ್ ಮನೆಯಿಂದಲೇ ತುಂಬಿಸಿ ಒಯ್ಯುತ್ತೇನೆ. ಶೌಚಕ್ಕೆ ಒಂದು ಚೊಂಬು ಬೇರೆ ಇರಲಿ.

ಒಗ್ಗರಣೆ ಮನೆಯಲ್ಲೇ ಮುಗಿಸಿಬಿಡಿ. ಗಾಳಿಗೆ ಉರಿ ಓಲಾಡುವಾಗ ಎಣ್ಣೆ ಕಾಯುವುದೂ ತಡ, ಸಾಸಿವೆ ಸೀಯುವುದೂ ಸುಲಭ. ಎರಡು ಕಪ್ ಮಧ್ಯಮ ರವೆಗೆ ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸು, ಕರಿಬೇವು ಹಾಕಿ ಹುರಿದು, ಉಪ್ಪು ಬೆರೆಸಿ ಡಬ್ಬಿ ತುಂಬಿ. ಕರಿಬೇವು ಗರಿಗರಿಯಾಗಲೇಬೇಕು, ತೇವ ಉಳಿದರೆ ಇಡೀ ಡಬ್ಬಿಗೆ ಮುಗ್ಗಲು ವಾಸನೆ. ಅಲ್ಲಿ ಐದು ಕಪ್ ಕುದಿಯುವ ನೀರಿಗೆ ಸುರಿದು ಮುಚ್ಚಿಟ್ಟರೆ ನಾಲ್ಕು ಜನಕ್ಕೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜಿದ್ದರೆ ರಾತ್ರಿಯ ಊಟಕ್ಕೂ ಯೋಚನೆಯಿಲ್ಲ. 465 ಗ್ರಾಂ ಪ್ರೊಪೇನ್ ಸಿಲಿಂಡರ್ ಒಂದು ಒಲೆಯನ್ನು ಪೂರ್ತಿ ಉರಿಯಲ್ಲಿ ಸುಮಾರು ಎರಡು ಗಂಟೆ ನಡೆಸುತ್ತದೆ, ಎರಡು ರಾತ್ರಿಗೆ ಎರಡು ಸಾಕು. ಬರೀ ಬ್ಯೂಟೇನ್ ಬೇಡ; ಸೊನ್ನೆ ಡಿಗ್ರಿ ಹತ್ತಿರಾದಂತೆ ಅದು ಆವಿಯಾಗುವುದೇ ನಿಲ್ಲುತ್ತದೆ.

ಪಾತ್ರೆಯನ್ನು ಕೆರೆಯಲ್ಲಿ ತೊಳೆಯಬೇಡಿ, 'ಬಯೋಡಿಗ್ರೇಡಬಲ್' ಸೋಪಿನಿಂದಲೂ. ನೀರಿನಿಂದ 60 ಮೀಟರ್ ದೂರಕ್ಕೆ ಒಯ್ದು ತೊಳೆಯಿರಿ. ಇದು ಕರಡಿ ಸೀಮೆ. ತುಪ್ಪ, ಹಣ್ಣು, ಟೂತ್‌ಪೇಸ್ಟ್, ಕಸದ ಚೀಲ ಎಲ್ಲವೂ ಕಾರಿನೊಳಗೆ, ಬಾಗಿಲಿಗೆ ಬೀಗ. ಮಕ್ಕಳ ಜೇಬಿನ ಚಾಕೊಲೇಟನ್ನೂ ಮಲಗುವ ಮುಂಚೆ ಹುಡುಕಿ ತೆಗೆಯಿರಿ.

ಸೌದೆ ಮನೆಯಿಂದ ಕಟ್ಟಿಕೊಂಡು ಹೋಗಬೇಡಿ. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ, ಆ್ಯಶ್ ಮರ ಕೊಲ್ಲುವ ಹಸಿರು ದುಂಬಿ ಹೀಗೆ ಸೌದೆಯೊಳಗೆ ಕೂತೇ ದೂರದ ಕಾಡುಗಳನ್ನು ಹೊಕ್ಕಿತು. ಉರಿಸುವ ಜಾಗದ ಹತ್ತಿರವೇ ಕೊಳ್ಳಿ. ಬೆಂಕಿಯನ್ನು ಮರಳಿನಿಂದ ಮುಚ್ಚಬಾರದು. ಕೆಂಡ ಅಡಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ, ಬೆಳಿಗ್ಗೆ ಬರಿಗಾಲಿನ ಮಗು ತುಳಿಯುತ್ತದೆ. ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಅಂಗೈ ಹತ್ತಿರ ಹಿಡಿದಾಗ ಬಿಸಿ ತಾಗದಿದ್ದರೆ ಮಾತ್ರ ಟೆಂಟಿಗೆ ಹೋಗಿ.